ಕೆಸರುರಾಜಮಾರ್ಗಂ

ಪೀಠಿಕೆ

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ದಂಡೆಯ ಮೇಲೆ, ಒಂಬತ್ತನೆಯ ಶತಮಾನದಲ್ಲಿ ಕನ್ನಡದ ಮೊದಲ ಲಕ್ಷಣಗ್ರಂಥ ಹುಟ್ಟಿತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೆಸರಿನಲ್ಲಿ ಶ್ರೀವಿಜಯ ಬರೆದನೆನ್ನುವ ಆ ಕವಿರಾಜಮಾರ್ಗಕ್ಕೆ ಮೂರು ಪರಿಚ್ಛೇದ. ಮೊದಲನೆಯದು ದೋಷದ್ದು, ಎರಡನೆಯದು ಶಬ್ದಾಲಂಕಾರದ್ದು, ಮೂರನೆಯದು ಅರ್ಥಾಲಂಕಾರದ್ದು. ಅಲ್ಲಿಂದ ಈಚೆಗೆ ಇದೇ ಸೀಮೆಯಲ್ಲಿ ಇನ್ನೊಂದು ಶಾಸ್ತ್ರ ಹುಲುಸಾಗಿ ಬೆಳೆದಿದ್ದರೂ ಅದಕ್ಕೆ ಲಕ್ಷಣ ಬರೆದವರಿಲ್ಲ. ಚುನಾವಣೆಗೆ ನಿಂತವನ ವ್ಯಾಪಾರ ವಹಿವಾಟನ್ನು ಪತ್ರಿಕೆ ಮತ್ತು ಟಿವಿಗಳು ತಮ್ಮ ತಮ್ಮ ಪಕ್ಷನಿಷ್ಠೆಗೆ ತಕ್ಕಂತೆ ಬಯ್ಯುವ, ಇಲ್ಲವೇ ತೊಳೆದು ಬೆಳಗುವ ಶಾಸ್ತ್ರವದು. ಆ ಕೊರತೆಯನ್ನು ನೀಗಿಸಲು ಈ ಪ್ರಬಂಧ.

ಸಂಶೋಧನಾ ಕ್ಷೇತ್ರ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಐದೂ ಒಂದೇ ಮತಕ್ಷೇತ್ರವಲ್ಲ. ಚಿಂಚೋಳಿಯಂತೂ ಲೋಕಸಭೆಗೆ ಬೀದರಿನ ಕಡೆ ಹೋಗುತ್ತದೆ. ಆದರೂ ಇಲ್ಲಿ ನೆಲ ಅಗೆದರೆ ಸುಣ್ಣಕಲ್ಲು, ಬಿತ್ತಿದರೆ ತೊಗರಿ. (ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಇಲ್ಲಿನ ಚುನಾವಣಾ ಬೈಗುಳಕ್ಕೆ ಇನ್ನೂ ಸಿಕ್ಕಿಲ್ಲ, ಅರ್ಜಿ ಹಾಕಬಹುದು.) ವಾಡಿಯಲ್ಲಿ 1968ರಿಂದ ಎಸಿಸಿ, ಸೇಡಮ್ಮಿನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ಹೀಗೆ ರಾಷ್ಟ್ರಕೂಟರ ಕೋಟೆಗಿಂತ ಎತ್ತರದ ಚಿಮಣಿಗಳು. ಇಂಥ ನೆಲದಲ್ಲಿ ಚುನಾವಣೆಗೆ ನಿಲ್ಲುವಷ್ಟು ದುಡ್ಡು ಮಾಡಿದವನು ಏನಾದರೂ ವ್ಯಾಪಾರ ಮಾಡಿಯೇ ಇರುತ್ತಾನೆ: ಫರ್ಸಿ ಖಣಿ, ಪಾಲಿಶ್ ಮಿಷನ್ನು, ದಾಲ್ ಮಿಲ್ಲು, ಲಾರಿ, ಗುತ್ತಿಗೆ, ಪೆಟ್ರೋಲ್ ಬಂಕು, ಕಾಲೇಜು. ಕಾಲೇಜನ್ನು ಈ ಪಟ್ಟಿಗೆ ಸೇರಿಸಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು. ಫೀಸಿನ ರಸೀದಿ ನೋಡಿದವರು ಮಾಡಿಕೊಳ್ಳುವುದೂ ಇಲ್ಲ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆಗೆ ಒಬ್ಬ ಮನುಷ್ಯ ಬೇಕಾದಾಗಲೆಲ್ಲ ದೇವದತ್ತ ಬರುತ್ತಾನೆ. ಇಲ್ಲಿನ ಅಭ್ಯರ್ಥಿಗೂ ಅದೇ ಹೆಸರು. ಮಾನನಷ್ಟ ಮೊಕದ್ದಮೆಯ ಭಯವಿಲ್ಲ, ಜಾತಿಯೂ ಗೊತ್ತಾಗುವುದಿಲ್ಲ.

ಪ್ರಥಮ ಪರಿಚ್ಛೇದಂ: ದೋಷಾದೋಷ ವಿಚಾರ

ಆಕರ ಸಾಮಗ್ರಿ ದೊರೆತದ್ದು ವಾಡಿ ಜಂಕ್ಷನ್ ಹತ್ತಿರದ ಸುಸಲಾ, ಮಿರ್ಚಿ ಭಜಿ ಅಂಗಡಿಯಲ್ಲಿ. ಭಜಿ ಕಟ್ಟಿಕೊಟ್ಟ ಎರಡು ಹಾಳೆಗಳಲ್ಲಿ ಒಂದನ್ನು ಕ ಪ್ರತಿ, ಇನ್ನೊಂದನ್ನು ಗ ಪ್ರತಿ ಎಂದು ಕರೆಯಲಾಗಿದೆ. ಎರಡೂ ಒಂದೇ ಪತ್ರಿಕೆಯವು. ನಡುವೆ ಒಂದು ಚುನಾವಣೆಯ ಅಂತರ. ಕ ಪ್ರತಿಯಲ್ಲಿ ದೇವದತ್ತನ ದಾಲ್ ಮಿಲ್ಲು ರೈತರ ರಕ್ತ ಹೀರುವ ಅಡ್ಡೆ. ಗ ಪ್ರತಿಯಲ್ಲಿ ಅದೇ ಮಿಲ್ಲು, ಅದೇ ಫೋಟೊ, ಗೇಟಿನ ಮುಂದೆ ಅದೇ ನಾಯಿ; ಮಾಲೀಕ ಮಾತ್ರ ನೂರಾರು ಕೈಗಳಿಗೆ ಕೆಲಸ ಕೊಟ್ಟ ಕಾಯಕಯೋಗಿ. ನಡುವಿನ ಸಾಲುಗಳು ಎಣ್ಣೆ ಕುಡಿದು ಗ್ರಂಥಪಾತವಾಗಿವೆ.

ಮೂಲಪಾಠ ಯಾವುದು, ಪ್ರಕ್ಷಿಪ್ತ ಯಾವುದು? ಲಿಪಿಯಿಂದ ತೀರ್ಮಾನ ಆಗಲಿಲ್ಲ, ಭಾಷೆಯಿಂದಲೂ ಆಗಲಿಲ್ಲ. ಕೊನೆಗೆ ನೆರವಿಗೆ ಬಂದವರು ಭಜಿ ತಿನ್ನುತ್ತಿದ್ದ ಒಬ್ಬ ಗಿರಾಕಿ ಮತ್ತು ಕಡಾಯಿಯ ಹಿಂದಿದ್ದ ಕಾಕಾ.

"ಕಾಕಾ, ಹೋದ ಸಲ ಇದೇ ಪೇಪರದಾಗ ಇವರ್ನೇ ಕಳ್ಳ ಅಂತ ಬರದಿದ್ರಲ್ಲಾ?"

"ಹೌದಪಾ, ಆವಾಗ ಆ ಕಡಿ ಇದ್ರು. ಈಗ ಈ ಕಡಿ ಬಂದಾರ."

"ಮತ್ತ ಮಿಲ್ಲು?"

"ಮಿಲ್ಲು ಎಲ್ಲಿ ಹೋಗ್ತದ? ಅಲ್ಲೇ ಅದ. ತಿನ್ನು ನೀ, ಆರ್ತದ."

ಈ ಸಂವಾದದಿಂದ ಹೊರಡುವ ಸಿದ್ಧಾಂತ ಸ್ಪಷ್ಟ. ದೋಷ ಮಿಲ್ಲಿನಲ್ಲಿಲ್ಲ, ಪಕ್ಷದಲ್ಲಿದೆ. ಪಕ್ಷ ಬದಲಿಸಿದವನ ತಕ್ಕಡಿ ತಾನಾಗಿಯೇ ಸರಿಯಾಗುತ್ತದೆ. ತೂಕ ಮತ್ತು ಅಳತೆ ಇಲಾಖೆಯವರು ಬರಬೇಕಾಗಿಲ್ಲ.

ವ್ಯಾಪಾರಕ್ಕೂ ಕುಲ ನೋಡುವ ಇನ್ನೊಂದು ಹಳೆಯ ಸಂಪ್ರದಾಯವಿದೆ. 2014ರಲ್ಲಿ ಬೆಂಗಳೂರು ದಕ್ಷಿಣದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಂದನ್ ನಿಲೇಕಣಿ ಪತ್ನಿಯದೂ ಸೇರಿ ಸುಮಾರು 7,700 ಕೋಟಿ ರೂಪಾಯಿ ಆಸ್ತಿ ಘೋಷಿಸಿದರು. 2021ರಲ್ಲಿ ಬೆಂಗಳೂರು ನಗರದ ಪರಿಷತ್ ಚುನಾವಣೆಗೆ ಅದೇ ಕಾಂಗ್ರೆಸ್ಸಿನಿಂದ ನಿಂತ ಯೂಸುಫ್ ಷರೀಫ್, ಅಂದರೆ ಕೆಜಿಎಫ್ ಬಾಬು, 1,700 ಕೋಟಿಗೂ ಮೇಲೆ ಘೋಷಿಸಿದರು. ಮೊದಲನೆಯವರ ದುಡ್ಡು ಸಾಫ್ಟ್‌ವೇರಿನದು. ಅದರ ಬಗ್ಗೆ ಬಂದ ಬರಹಗಳಲ್ಲಿ ಬೆರಗು ಹೆಚ್ಚು. ಎರಡನೆಯವರು ಗುಜರಿಯಿಂದ ಮೇಲೆ ಬಂದವರು. ಗುಜರಿ ಎನ್ನುವುದು ಅವರ ಹೆಸರಿಗೇ ಅಂಟಿಕೊಂಡಿತು, ಒಂದು ಕಾಲಕ್ಕೆ ಅಮಿತಾಭ್ ಬಚ್ಚನ್ನರದಾಗಿದ್ದ ರೋಲ್ಸ್ ರಾಯ್ಸ್ ಕಾರು ವಾರಗಟ್ಟಲೆ ಪರದೆ ಮೇಲೆ ಓಡಿತು. ಸಾವಿರ ಕೋಟಿ ಹಳೇ ಕಬ್ಬಿಣದಿಂದ ಬಂದರೆ ರಹಸ್ಯ, ಕಂಪ್ಯೂಟರಿನಿಂದ ಬಂದರೆ ಸಾಧನೆ. ಮತದಾರ ಮಾತ್ರ ಇಂಥ ಭೇದ ಮಾಡಲಿಲ್ಲ. ಇಬ್ಬರನ್ನೂ ಸೋಲಿಸಿದ.

ಉಪಪ್ರಕರಣ: ಪ್ರಮಾಣ ವಿಚಾರ

ಉಪಪ್ರಕರಣ ಚಿಕ್ಕದಿರಬೇಕೆಂಬುದು ಶಿಷ್ಟಾಚಾರ. ಆದರೆ ಶಹಾಬಾದಿನ ಪಕ್ಕದ ಮರತೂರಿನ ವಿಜ್ಞಾನೇಶ್ವರ ಎದುರಿಗೆ ಬಂದರೆ ಯಾರಿಗೂ ಬೇಗ ಎದ್ದು ಹೋಗಲಾಗದು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಈತ ಬರೆದ ಮಿತಾಕ್ಷರಾ ವ್ಯಾಖ್ಯಾನ ಇಂಗ್ಲಿಷರ ಕೋರ್ಟುಗಳವರೆಗೂ ನಡೆಯಿತು. ಆ ಸ್ಮೃತಿಯ ಪ್ರಕಾರ ವ್ಯವಹಾರದ ತಗಾದೆಗೆ ಪ್ರಮಾಣಗಳು ಮೂರು: ಬರೆದ ಪತ್ರ, ಅನುಭೋಗ, ಸಾಕ್ಷಿ. ಮೂರೂ ಇಲ್ಲದಿದ್ದಾಗ ಮಾತ್ರ ದಿವ್ಯ. ದಿವ್ಯಗಳು ಐದು: ತಕ್ಕಡಿ, ಬೆಂಕಿ, ನೀರು, ವಿಷ, ಕೋಶ.

ನಮ್ಮ ಮಾಧ್ಯಮಗಳು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿವೆ. ದಿವ್ಯ ಮೊದಲು, ಪತ್ರ ಕೊನೆಗೆ, ಅದೂ ಪುರಸತ್ತಾದರೆ. ಬೆಂಕಿ ಎಂದರೆ ರಾತ್ರಿ ಒಂಬತ್ತರ ಚರ್ಚೆ. ವಿಷ ಎಂದರೆ ಬೆಳಗಿನ ಜಾವದ ವಾಟ್ಸ್‌ಆ್ಯಪ್ ಫಾರ್ವರ್ಡು. ತಕ್ಕಡಿ ಎಂದರೆ ಟಿಆರ್‌ಪಿ.

ಇವುಗಳಲ್ಲಿ ಸಂಶೋಧಕನ ಮನಸ್ಸು ಗೆದ್ದದ್ದು ಕೋಶ. ದೇವರ ಮೂರ್ತಿ ತೊಳೆದ ನೀರನ್ನು ಆರೋಪಿಗೆ ಕುಡಿಸಬೇಕು. ಹದಿನಾಲ್ಕು ದಿನದೊಳಗೆ ರಾಜನಿಂದಾಗಲಿ ದೈವದಿಂದಾಗಲಿ ಅವನಿಗೆ ಘೋರ ಆಪತ್ತು ಬರದಿದ್ದರೆ ಅವನು ಶುದ್ಧ. ಈಗ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 30ನೆಯ ಸೆಕ್ಷನ್ ತೆಗೆದು ನೋಡಿರಿ. ನಾಮಪತ್ರ ವಾಪಸಿನ ಕೊನೆಯ ದಿನದಿಂದ ಹದಿನಾಲ್ಕನೆಯ ದಿನಕ್ಕಿಂತ ಮೊದಲು ಮತದಾನ ಇಡುವಂತಿಲ್ಲ. ಸ್ಮೃತಿಯ ಹದಿನಾಲ್ಕೇ ದಿನ! ಆ ಅವಧಿಯಲ್ಲಿ ದೇವದತ್ತನ ಮನೆಗೆ ರಾಜನ ಕಡೆಯಿಂದ ಐಟಿಯವರೋ ಇ.ಡಿಯವರೋ ಬರದಿದ್ದರೆ ಅವನ ವ್ಯಾಪಾರ ಶುದ್ಧ. ಬಂದರೆ, ಬಂದದ್ದೇ ಸಾಕ್ಷಿ. ಏನು ಸಿಕ್ಕಿತೆಂದು ಫಲಿತಾಂಶದ ನಂತರ ಯಾರೂ ಕೇಳುವುದಿಲ್ಲ. ಸಂಸತ್ತಿನವರು ಮಿತಾಕ್ಷರಾ ಓದಿ ಈ ಸೆಕ್ಷನ್ ಬರೆದರೇ ಎಂಬುದು ಪ್ರತ್ಯೇಕ ಪಿಎಚ್‌ಡಿಗೆ ವಿಷಯ. ಮಾರ್ಗದರ್ಶಕರು ಬೇಕಾಗಿದ್ದಾರೆ.

ಮೀಮಾಂಸಕರ ಅರ್ಥಾಪತ್ತಿಯೂ ಇಲ್ಲಿ ಬಲು ಉಪಯೋಗಿ. ದೇವದತ್ತ ದಪ್ಪಗಿದ್ದಾನೆ, ಹಗಲಲ್ಲಿ ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಶಾಸ್ತ್ರ ಇಲ್ಲಿಗೆ ನಿಲ್ಲುತ್ತದೆ. ಚಾನೆಲ್ಲು ಮುಂದೆ ಹೋಗುತ್ತದೆ: ರಾತ್ರಿ ಉಂಡದ್ದು ಯಾರ ಪಾಲು? ಬಡಿಸಿದವರಾರು? ತಾಟು ಯಾರ ಮನೆಯದು?

ಅರ್ಥಾಪತ್ತಿಗೆ ಈಚಿನ ಕಾಲದ ಉತ್ತಮ ಉದಾಹರಣೆ ಕರ್ನಾಟಕದಿಂದ ಬಹಳ ವರ್ಷ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅವರದು. ಬಿಪಿಎಲ್ ಮೊಬೈಲ್ ಕಟ್ಟಿ ಮಾರಿದ ಉದ್ಯಮಿ, ಏಷ್ಯಾನೆಟ್ ನ್ಯೂಸ್ ಮತ್ತು ಸುವರ್ಣ ನ್ಯೂಸ್‌ಗಳ ಹಿಂದಿನ ಬಂಡವಾಳಗಾರ. 2024ರಲ್ಲಿ ತಿರುವನಂತಪುರದಲ್ಲಿ ಬಿಜೆಪಿಯಿಂದ ನಿಂತಾಗ ಅವರ ಪ್ರಮಾಣಪತ್ರದಲ್ಲಿ 2021–22ರ ತೆರಿಗೆಗೊಳಪಡುವ ಆದಾಯ 680 ರೂಪಾಯಿ ಎಂದಿತ್ತು. ಕಾಂಗ್ರೆಸ್ಸಿನವರು ಚುನಾವಣಾ ಆಯೋಗಕ್ಕೆ ದೂರು ಕೊಟ್ಟರು. ಆ ವರ್ಷ ಪಾಲುದಾರಿಕೆಯಲ್ಲಿ ನಷ್ಟವಾಗಿತ್ತೆಂದು ಚಂದ್ರಶೇಖರ್ ಹೇಳಿದರು. ವ್ಯಾಪಾರದಲ್ಲಿ ನಷ್ಟ ತೋರಿಸುವುದು ಕಾಯ್ದೆಯೊಳಗಿನದೇ, ಅದನ್ನು ಲೆಕ್ಕ ಪರಿಶೋಧಕರು ಎರಡು ಮಾತಿನಲ್ಲಿ ವಿವರಿಸಬಲ್ಲರು. ಆದರೆ ಲೆಕ್ಕ ಪರಿಶೋಧಕರನ್ನು ಯಾರೂ ಕರೆಯಲಿಲ್ಲ, ವಕ್ತಾರರನ್ನು ಕರೆದರು. ಒಂದು ಕಡೆಯವರಿಗೆ 680 ಕಳ್ಳತನದ ಅಂಕಿ, ಇನ್ನೊಂದು ಕಡೆಯವರಿಗೆ ಅದು ಸುದ್ದಿಯೇ ಅಲ್ಲ. ಚಂದ್ರಶೇಖರ್ ಕೊನೆಗೆ ಶಶಿ ತರೂರ್ ಎದುರು ಸುಮಾರು 16,000 ಮತಗಳಿಂದ ಸೋತರು.

ನಮ್ಮ ಕ್ಷೇತ್ರಕ್ಕೇ ಬಂದರೆ, 2023ರಲ್ಲಿ ಚಿತ್ತಾಪುರದಲ್ಲಿ ಪ್ರಿಯಾಂಕ್ ಖರ್ಗೆಯವರ ಎದುರು ಬಿಜೆಪಿಯಿಂದ ನಿಂತ ಮಣಿಕಂಠ ರಾಠೋಡ್ ಅವರ ಮೇಲೆ ಪಡಿತರ ಅಕ್ಕಿಯ ಅಕ್ರಮ ಸಾಗಣೆಯ ಪ್ರಕರಣಗಳಿದ್ದವು. ಇದಕ್ಕೆ ಗುಪ್ತಚರರು ಬೇಕಿರಲಿಲ್ಲ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, ತನ್ನ ಮೇಲಿರುವ ಪ್ರಕರಣಗಳನ್ನು ಅಭ್ಯರ್ಥಿಯೇ ಪತ್ರಿಕೆಯಲ್ಲೂ ಟಿವಿಯಲ್ಲೂ ಮೂರು ಸಲ ಪ್ರಕಟಿಸಬೇಕು. ಅಂದರೆ ಪತ್ರಪ್ರಮಾಣ ಕೈಯಲ್ಲೇ ಇತ್ತು. ಯಾವ ಪ್ರಕರಣ ಯಾವ ಹಂತದಲ್ಲಿದೆ, ಚಾರ್ಜ್‌ಶೀಟ್ ಆಗಿದೆಯೋ ಇಲ್ಲವೋ ಎಂದು ತಾಳ್ಮೆಯಿಂದ ಹೇಳಿದ್ದರೆ ಓದುಗನಿಗೆ ಉಪಕಾರವಾಗುತ್ತಿತ್ತು. ಬಯ್ಯುವವರಿಗೆ ಸಂಖ್ಯೆ ಸಾಕಿತ್ತು, ಕಾಯುವವರಿಗೆ ರಾಜಕೀಯ ಪಿತೂರಿ ಎಂಬ ಒಂದು ಮಾತು ಸಾಕಿತ್ತು. ಪ್ರಿಯಾಂಕ್ ಖರ್ಗೆ ಗೆದ್ದರು.

ಇನ್ನು ಚಿಂಚೋಳಿ. ಅಲ್ಲಿ ವರ್ಷಾನುಗಟ್ಟಲೆ ಸಕ್ಕರೆ ಕಾರ್ಖಾನೆಯ ಕನಸು ತುಕ್ಕು ಹಿಡಿದು ನಿಂತಿತ್ತು. ಆಗ ಬಿಜೆಪಿ ಶಾಸಕರಾಗಿದ್ದ ಬಸನಗೌಡ ಪಾಟೀಲ ಯತ್ನಾಳರ ಸಿದ್ದಸಿರಿ ಸಂಸ್ಥೆ ಎಥನಾಲ್ ಕಾರ್ಖಾನೆ ತಂದಿತು. 2024ರ ಜನವರಿಯಲ್ಲಿ, ಕಬ್ಬು ನುರಿಸುವ ಹಂಗಾಮಿನಲ್ಲೇ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ಮುಚ್ಚಲು ಆದೇಶಿಸಿತು. ಯತ್ನಾಳ ಸೇಡಿನ ರಾಜಕಾರಣವೆಂದರು, ಸರ್ಕಾರದ ಕಡೆಯವರು ನಿಯಮವೆಂದರು, ಪ್ರಕರಣ ಹೈಕೋರ್ಟಿನ ಕಲಬುರಗಿ ಪೀಠ ಹತ್ತಿತು. ಮಾಧ್ಯಮಗಳಲ್ಲಿ ತಕ್ಷಣ ಎರಡು ಶಾಖೆಗಳಾದವು. ಸೇಡು ಶಾಖೆಯವರು ಮಂಡಳಿಯ ಆದೇಶ ಓದಲಿಲ್ಲ. ಮಾಲಿನ್ಯ ಶಾಖೆಯವರು ಮುಲ್ಲಾಮಾರಿಯ ಕಡೆಗೆ ಹೋಗಿ ಒಂದು ಬಾಟಲಿ ನೀರು ತುಂಬಿಸಿಕೊಂಡು ಬರಲಿಲ್ಲ. ಹೊಲದಲ್ಲಿ ನಿಂತ ಕಬ್ಬಿಗೆ ಮಾತ್ರ ಯಾವ ಶಾಖೆಯೂ ಗೊತ್ತಿರಲಿಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಇಳುವರಿ ಇಳಿಯುತ್ತದೆ, ರೈತ ಬೀದಿಗಿಳಿದ. ಅವನ ಫೋಟೊ ಎರಡೂ ಕಡೆ ಅಚ್ಚಾಯಿತು, ಬೇರೆ ಬೇರೆ ತಲೆಬರಹಗಳ ಕೆಳಗೆ.

ದ್ವಿತೀಯ ಪರಿಚ್ಛೇದಂ: ಶಬ್ದಾಲಂಕಾರ

ಇಲ್ಲಿ ಮುಖ್ಯವಾದದ್ದು ಪರ್ಯಾಯಾಲಂಕಾರ. ನಮ್ಮವನು ಉದ್ಯಮಿ, ಅವರವನು ಕುಳ. ನಮ್ಮವನದು ಗೋದಾಮು, ಅವರವನದು ಅಡ್ಡೆ. ನಮ್ಮವನು ಬ್ಯಾಂಕಿನಿಂದ ಸಾಲ ಪಡೆಯುತ್ತಾನೆ, ಅವರವನು ಬ್ಯಾಂಕಿಗೆ ಟೋಪಿ ಹಾಕುತ್ತಾನೆ. ನಮ್ಮವನ ಖಣಿಯಲ್ಲಿ ಕಲ್ಲು ತೆಗೆಯುತ್ತಾರೆ, ಅವರವನ ಖಣಿಯಲ್ಲಿ ಭೂತಾಯಿಯ ಒಡಲು ಬಗೆಯುತ್ತಾರೆ. ಶಹಾಬಾದಿನ ಫರ್ಸಿ ಕೆಲಸಗಾರನನ್ನು ಕೇಳಿದರೆ ಎರಡೂ ಖಣಿಗಳಲ್ಲಿ ಕಲ್ಲು ಒಂದೇ ಥರ ಪದರು ಬಿಡುತ್ತದೆ, ಧೂಳು ಒಂದೇ ಥರ ಎದೆಗಿಳಿಯುತ್ತದೆ ಎನ್ನುತ್ತಾನೆ. ಅವನಿಗೆ ಅಲಂಕಾರಶಾಸ್ತ್ರ ಬರುವುದಿಲ್ಲ.

ಎರಡನೆಯದು 'ಎನ್ನಲಾಗಿದೆ'. ಕರ್ತೃವಿಲ್ಲದೆ ಕ್ರಿಯೆ ನಡೆಸುವುದು ಹೇಗೆಂದು ವೈಯಾಕರಣರು ಬೇಕಾದರೆ ಒದ್ದಾಡಲಿ. ನಮ್ಮ ವರದಿಗಾರ ಅದನ್ನು ಒಂದೇ ಪದದಲ್ಲಿ ಬಗೆಹರಿಸಿದ. ಯಾರು ಅಂದರು, ಯಾರಿಗೆ ಅಂದರು, ಯಾವಾಗ ಅಂದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವೇ ಇಲ್ಲ. ಅದರ ತಮ್ಮ 'ಮೂಲಗಳು ತಿಳಿಸಿವೆ'. ಮೂಲ ಬಹುತೇಕ ಎದುರು ಪಕ್ಷದ ಕಚೇರಿಯ ಚಹದ ಬಟ್ಟಲು.

ಮೂರನೆಯದು ತಲೆಬರಹದ ಕೊನೆಯ ಪ್ರಶ್ನಾರ್ಥಕ ಚಿಹ್ನೆ. ದೇವದತ್ತ ಕಳ್ಳ ಎಂದರೆ ವಕೀಲರ ನೋಟಿಸು ಬರುತ್ತದೆ. ದೇವದತ್ತ ಕಳ್ಳನಾ ಎಂದರೆ ಬರುವುದಿಲ್ಲ. ಆ ಕೊಕ್ಕೆಯ ಮೇಲೆ ಇಡೀ ಸುದ್ದಿಮನೆ ನೇತಾಡಿಕೊಂಡಿದೆ. ದೃಶ್ಯಕಾವ್ಯದಲ್ಲಿ ಇದಕ್ಕೆ ಪೂರಕವಾಗಿ ನೋಟಿನ ಮಳೆ, ಕೆಂಪು ಬಾಣ, ಮಿಲ್ಲಿನ ಮೇಲೆ ಹಾರುವ ಡ್ರೋನು, ಮುಚ್ಚಿದ ಗೇಟಿನ ಮುಂದೆ ನಿಂತು ಏದುಸಿರು ಬಿಡುವ ವರದಿಗಾರ. ಗೇಟು ಮುಚ್ಚಿದ್ದು ಅಮಾವಾಸ್ಯೆಯ ರಜೆಗೆ ಎಂಬ ಸಂಗತಿ ರಸಭಂಗ ಮಾಡುವುದರಿಂದ ಅದನ್ನು ಬಿಡುವುದು ವಾಡಿಕೆ.

ತೃತೀಯ ಪರಿಚ್ಛೇದಂ: ಅರ್ಥಾಲಂಕಾರ

ಹೆಸರೇ ಹೇಳುವಂತೆ ಇದು ದುಡ್ಡಿನ ಪರಿಚ್ಛೇದ.

ಪರದೇಶದ ಒಂದು ಉದಾಹರಣೆಯಿಂದ ಆರಂಭಿಸಿದರೆ ಪ್ರಬಂಧಕ್ಕೆ ತೂಕ. 2012ರಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷದ ಟಿಕೆಟ್ ಜಗಳದಲ್ಲಿ ಮಿಟ್ ರಾಮ್ನಿಯವರ ಬೇನ್ ಕ್ಯಾಪಿಟಲ್ ಕಂಪನಿ ಕಾರ್ಖಾನೆಗಳನ್ನು ಕೊಂಡು ಕೆಲಸಗಾರರನ್ನು ಬೀದಿಗೆ ಹಾಕಿತೆಂದು ಅರ್ಧ ಗಂಟೆಯ ಚಿತ್ರವೊಂದು ಬಂತು. ಅದನ್ನು ಹಂಚಿದ್ದು ಎದುರು ಪಕ್ಷದವರಲ್ಲ, ಅದೇ ಪಕ್ಷದ ನ್ಯೂಟ್ ಗಿಂಗ್ರಿಚ್ ಪರವಾಗಿದ್ದ ಗುಂಪು. ಆ ಗುಂಪಿಗೆ ಆಗ 50 ಲಕ್ಷ ಡಾಲರ್ ಕೊಟ್ಟವರು ಜೂಜುಕಟ್ಟೆಗಳ ಒಡೆಯ ಶೆಲ್ಡನ್ ಅಡೆಲ್ಸನ್. ಒಬ್ಬನ ವ್ಯಾಪಾರವನ್ನು ಬಯ್ಯಲು ಇನ್ನೊಬ್ಬನ ವ್ಯಾಪಾರದ ದುಡ್ಡೇ ಬೇಕು. ಆಮೇಲೆ ಒಬಾಮಾ ಅವರ ಪ್ರಚಾರದವರೂ ಅದೇ ಬೇನ್ ವಿಷಯ ಹಿಡಿದರು.

ಕನ್ನಡದಲ್ಲಿ ನಾವು ಇನ್ನೂ ಸರಳ ಮಾರ್ಗ ಹಿಡಿದಿದ್ದೇವೆ. ವ್ಯಾಪಾರ ಬೇರೆ, ಮಾಧ್ಯಮ ಬೇರೆ, ಅಭ್ಯರ್ಥಿ ಬೇರೆ ಎಂಬ ದ್ವೈತ ನಮಗೆ ಹಿಡಿಸದು. ವಿಜಯ ಕರ್ನಾಟಕ ಕಟ್ಟಿದ ವಿಜಯ ಸಂಕೇಶ್ವರರು ಬಿಜೆಪಿಯ ಸಂಸದರಾಗಿದ್ದರು. ಆ ಪತ್ರಿಕೆಯನ್ನು ಮಾರಿ 2012ರಲ್ಲಿ ವಿಜಯವಾಣಿ ತೆಗೆದರು. ಕಸ್ತೂರಿ ವಾಹಿನಿ ಕಟ್ಟಿದ್ದು ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿಯವರ ಕುಟುಂಬ. ಜನಶ್ರೀ ಬಳ್ಳಾರಿಯ ರೆಡ್ಡಿ ಬಳಗದ್ದಾಗಿತ್ತೆಂದು ನಾಡಿಗೆಲ್ಲ ಗೊತ್ತು. ಅಭ್ಯರ್ಥಿಯ ವ್ಯಾಪಾರವೇ ಸುದ್ದಿಯಾಗಿರುವಾಗ ಅದರ ಲೆಕ್ಕ ಬರೆಯುವವರಾರು? ಎದುರಿನ ಚಾನೆಲ್ಲಿನವರು. ಅವರ ಲೆಕ್ಕ? ಇವರು. ಹೀಗೆ ಅದ್ವೈತ ಸಿದ್ಧಿಸುತ್ತದೆ.

ಸಣ್ಣ ಊರಿಗೆ ಬಂದರೆ ಅರ್ಥಾಲಂಕಾರ ಇನ್ನೂ ಸೂಕ್ಷ್ಮ. ದೇವದತ್ತನ ಹುಟ್ಟುಹಬ್ಬಕ್ಕೆ ಇಡೀ ಪುಟದ ಶುಭಾಶಯ ಬಂದ ಪತ್ರಿಕೆಯಲ್ಲಿ ಅವನ ದಾಲ್ ಮಿಲ್ಲು ಆ ವರ್ಷವೆಲ್ಲ ಸುರಕ್ಷಿತ. ಬಿಲ್ಲು ಬಾಕಿ ಉಳಿದರೆ ತನಿಖಾ ವರದಿ ಹೊರಬೀಳುತ್ತದೆ. ಪ್ರೆಸ್ ಕೌನ್ಸಿಲ್ 2010ರಲ್ಲೇ ಕಾಸಿಗಾಗಿ ಸುದ್ದಿಯ ಬಗ್ಗೆ ವರದಿ ಕೊಟ್ಟಿತು. ಈಗ ಪ್ರತಿ ಚುನಾವಣೆಗೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ಎಂಸಿಎಂಸಿ ಎಂಬ ಮಾಧ್ಯಮ ನಿಗಾ ಸಮಿತಿ ಕೂರುತ್ತದೆ. ಹೊಗಳಿ ಬರೆಯಲು ಕೊಟ್ಟ ಕಾಸು ಆ ಸಮಿತಿಗೆ ಕಂಡೀತು. ಬರೆಯದಿರಲು ಕೊಟ್ಟ ಕಾಸನ್ನು ಯಾವ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು?

ಆ ಬರೆಯದ ಭಾಗವೇ ಈ ಸೀಮೆಯ ನಿಜವಾದ ವ್ಯಾಪಾರ ವೃತ್ತಾಂತ. ಸುಣ್ಣಕಲ್ಲು ತೆಗೆದವನು ರಾಜಧನದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಕಟ್ಟಬೇಕು: 2015ರ ತಿದ್ದುಪಡಿಗೆ ಮೊದಲಿನ ಗುತ್ತಿಗೆಯಾದರೆ ರಾಜಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದದ್ದಾದರೆ ಶೇ 10ರಷ್ಟು. ಧೂಳು ತಿನ್ನುವ ಹಳ್ಳಿಗಳಿಗೆಂದೇ ಇರುವ ದುಡ್ಡದು. ಅಭ್ಯರ್ಥಿಗೆ ಖಣಿ ಇದ್ದರೆ ಎಷ್ಟು ಕಟ್ಟಿದ, ಶಾಸಕನಾಗಿದ್ದರೆ ಎಲ್ಲಿ ಖರ್ಚು ಮಾಡಿಸಿದ? ಮಿಲ್ಲಿಗೆ ತೊಗರಿ ತಂದ ರೈತನ ಕೈಗೆ ತೂಕದ ಚೀಟಿ ಸಿಕ್ಕಿತೋ, ಬಾಯಿಮಾತೋ? ಶಹಾಬಾದಿನಲ್ಲಿ ನಿಂತುಹೋದ ಸಿಮೆಂಟ್ ಕಾರ್ಖಾನೆಯ ಕೆಲಸಗಾರರ ಪರವಾಗಿ ಯಾರು ನಿಂತರು? ಇವು ವ್ಯಾಪಾರದ ಪ್ರಶ್ನೆಗಳೇ. ಇವುಗಳಲ್ಲಿ ಡ್ರೋನು ಹಾರಿಸಲು ಅವಕಾಶ ಕಡಿಮೆ, ಉತ್ತರ ಎರಡೂ ಪಕ್ಷದವರಿಗೆ ಇರಿಸುಮುರಿಸು.

ಫಲಶ್ರುತಿ

ವಿಜ್ಞಾನೇಶ್ವರ ವ್ಯಾಖ್ಯಾನಿಸಿದ ಆ ಸ್ಮೃತಿಯಲ್ಲಿ ಸುಳ್ಳು ದಾವೆ ಹೂಡಿದವನಿಗೆ ದಾವೆಯ ಮೊತ್ತದ ಎರಡರಷ್ಟು ದಂಡ. ಸಾವಿರ ಕೋಟಿಯ ಹಗರಣವೆಂದು ಕೂಗಿ ರುಜುವಾತು ಮಾಡದ ನಿರೂಪಕ ಎರಡು ಸಾವಿರ ಕೋಟಿ ಕಟ್ಟಬೇಕಾಗುತ್ತಿತ್ತು. ಅಲ್ಲಿಗೆ ಬೆಂಗಳೂರಿನ ಎಷ್ಟು ಸ್ಟುಡಿಯೊಗಳು ಬಾಡಿಗೆಗೆ ಸಿಗುತ್ತಿದ್ದವೋ! ಈಗಿನ ಕಾಯ್ದೆ ಮೃದು. ಅಭ್ಯರ್ಥಿಯ ನಡತೆ ಕುರಿತು ಎದುರು ಅಭ್ಯರ್ಥಿಯಾಗಲಿ ಅವನ ಏಜೆಂಟನಾಗಲಿ ಅವರ ಒಪ್ಪಿಗೆಯಿಂದ ಬೇರೆಯವರಾಗಲಿ ಪ್ರಕಟಿಸಿದ ಸುಳ್ಳನ್ನು ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೆಯ ಸೆಕ್ಷನ್ ಭ್ರಷ್ಟ ಆಚರಣೆ ಎನ್ನುತ್ತದೆ ನಿಜ. ಆದರೆ ಹೇಳಿದವನಿಗೆ ಅದು ಸುಳ್ಳೆಂದು ಗೊತ್ತಿತ್ತು, ಇಲ್ಲವೇ ನಿಜವೆಂಬ ನಂಬಿಕೆ ಅವನಿಗಿರಲಿಲ್ಲ ಎಂದು ಕೋರ್ಟಿನಲ್ಲಿ ತೋರಿಸಬೇಕು. ಅಷ್ಟರಲ್ಲಿ ಐದು ವರ್ಷದ ಅವಧಿಯೇ ಮುಗಿದಿರುತ್ತದೆ.

ಆದ್ದರಿಂದ ಓದುಗರಲ್ಲಿ ಸಂಶೋಧಕನ ವಿನಂತಿ ಇಷ್ಟು. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ನಮೂನೆ 26 ಎಂಬ ಪ್ರಮಾಣಪತ್ರ ಕೊಡುತ್ತಾನೆ. ಚುನಾವಣಾಧಿಕಾರಿ ಅದರ ಪ್ರತಿಯನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ, ಆಯೋಗದ ಜಾಲತಾಣದಲ್ಲೂ ಪುಕ್ಕಟೆ ಸಿಗುತ್ತದೆ. ಐದು ವರ್ಷದ ಆದಾಯ, ಹೊಲ ಕೊಂಡಾಗಿನ ಬೆಲೆ ಮತ್ತು ಈಗಿನ ಬೆಲೆ, ಬ್ಯಾಂಕ್ ಸಾಲ, ಸರ್ಕಾರಕ್ಕೆ ಬಾಕಿ, ತನಗೂ ಹೆಂಡತಿಗೂ ಪಾಲುದಾರಿಕೆಯ ಸಂಸ್ಥೆಗೂ ಸರ್ಕಾರದೊಂದಿಗಿರುವ ಗುತ್ತಿಗೆಗಳು, ಎಲ್ಲವೂ ಅದರಲ್ಲಿವೆ. ದೇವದತ್ತ ತಾನೇ ನೋಟರಿ ಎದುರು ಪ್ರಮಾಣ ಮಾಡಿ ಬರೆದದ್ದು. ಸುಳ್ಳಾದರೆ ಆರು ತಿಂಗಳವರೆಗೆ ಜೈಲು ಇದೆ. ಮುಂದಿನ ಚುನಾವಣೆಗೆ ಸೇಡಮ್ಮಿನಲ್ಲೋ ಚಿತ್ತಾಪುರದಲ್ಲೋ ತಹಸೀಲ್ ಕಚೇರಿಗೆ ಪಹಣಿ ತರಲು ಹೋದಾಗ ಬೋರ್ಡಿನ ಮುಂದೆ ಅರ್ಧ ತಾಸು ನಿಂತು ಓದಿರಿ. ಗುತ್ತಿಗೆಯ ಕಾಲಂ ಮೊದಲು ನೋಡಿರಿ. ಟಿವಿ ಆಮೇಲೆ ಹಚ್ಚಿದರಾಯಿತು.